ತುಂಬಿದ ಡಿಸ್ಕ್ ತೆವಳುವುದೇಕೆ?

‘ಸಾರ್, ಮೊಬೈಲಿನಲ್ಲಿ ಇನ್ನೂ ಎರಡು ಜಿಬಿ ಜಾಗ ತೋರಿಸುತ್ತಿದೆ. ಆದರೂ ಒಂದು ಚಿಕ್ಕ ವಿಡಿಯೋ ಉಳಿಸಲು ಇಷ್ಟು ಹೊತ್ತೇಕೆ?’ ಈ ಪ್ರಶ್ನೆಯನ್ನು ವಿದ್ಯಾರ್ಥಿಗಳೂ ಕೇಳುತ್ತಾರೆ, ಪೋಷಕರೂ ಕೇಳುತ್ತಾರೆ. ಅಂಗಡಿಗೆ ಹೋದರೆ ‘ಹಳೆಯದಾಯಿತು, ಹೊಸದು ತಗೊಳ್ಳಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹತ್ತು ಹದಿನೈದು ಸಾವಿರ ರೂಪಾಯಿ ಕೈಬಿಡುವ ಮುನ್ನ ಒಳಗೆ ನಡೆಯುವುದೇನೆಂದು ತಿಳಿದುಕೊಳ್ಳುವುದು ಒಳ್ಳೆಯದಲ್ಲವೇ?

ಮೊದಲು ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ನೋಡೋಣ. ಇದು ಗಿರಗಿರನೆ ತಿರುಗುವ ತಟ್ಟೆ. ಅದರ ಮೇಲೆ ಓದುವ, ಬರೆಯುವ ‘ಹೆಡ್’ ಒಳಗೂ ಹೊರಗೂ ಸರಿದಾಡುತ್ತಿರುತ್ತದೆ. ತಟ್ಟೆಯ ಜಾಗವನ್ನೆಲ್ಲ ಸಣ್ಣ ಸಣ್ಣ ಬ್ಲಾಕ್‌ಗಳಾಗಿ ವಿಂಗಡಿಸಿ, ಯಾವ ಫೈಲಿನ ತುಣುಕು ಎಲ್ಲಿದೆ, ಯಾವ ಬ್ಲಾಕ್ ಖಾಲಿ ಇದೆ ಎಂದು ಲೆಕ್ಕ ಇಡುವ ಏರ್ಪಾಡೇ ಫೈಲ್ ಸಿಸ್ಟಮ್.

ಜಾತ್ರೆಗೆ ಹೊರಟ ಐದು ಜನರ ಕುಟುಂಬವೊಂದು ಬಸ್ ಹತ್ತಿತೆನ್ನಿ. ಬಸ್ ಖಾಲಿ ಇದ್ದರೆ ಎಲ್ಲರೂ ಒಟ್ಟಿಗೇ ಕೂರುತ್ತಾರೆ. ಕಂಡಕ್ಟರ್ ನಿಂತಲ್ಲೇ ಐದು ಟಿಕೆಟ್ ಹರಿದು ಕೊಡುತ್ತಾನೆ. ಬಸ್ ತುಂಬಿದ್ದರೆ? ಆಗಲೂ ಐದು ಸೀಟು ಸಿಕ್ಕಬಹುದು, ಆದರೆ ಒಂದು ಮುಂದೆ, ಎರಡು ಹಿಂದೆ, ಇನ್ನೆರಡು ನಡುವೆ. ಕಂಡಕ್ಟರ್ ಅಲೆಯಬೇಕು. ಡಿಸ್ಕಿನ ಹೆಡ್ ಪಾಡೂ ಇದೇ.

ಒಂದು ಲೆಕ್ಕ ಮಾಡಿ ನೋಡಿ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಸೆಕೆಂಡಿಗೆ 120 ಸುತ್ತು ಹಾಕುತ್ತದೆ. ಒಂದು ಸುತ್ತಿಗೆ ಸುಮಾರು 8 ಮಿಲಿಸೆಕೆಂಡು. ಬೇಕಾದ ಜಾಗ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅಂದರೆ 4 ಮಿಲಿಸೆಕೆಂಡು. ಹೆಡ್ ಸರಿಯಲು ಇನ್ನೊಂದು 8 ಎಂದಿಟ್ಟುಕೊಳ್ಳಿ. ಸಾವಿರ ಕಡೆ ಚದುರಿದ ಫೈಲಿಗೆ ಬರೀ ಅಲೆದಾಟಕ್ಕೇ 12 ಸೆಕೆಂಡು ಹೋಯಿತು!

ಇದು ಹೊಸ ತಿಳಿವಳಿಕೆಯೇನೂ ಅಲ್ಲ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಮೆಕ್ಯುಸಿಕ್, ಜಾಯ್, ಲೆಫ್ಲರ್ ಮತ್ತು ಫ್ಯಾಬ್ರಿ 1984ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದರ ವಿವರಗಳಿವೆ. ಹಳೆಯ ಯುನಿಕ್ಸ್ ಫೈಲ್ ಸಿಸ್ಟಮ್ ಹೊಸದಾಗಿದ್ದಾಗ ಸೆಕೆಂಡಿಗೆ 175 ಕಿಲೋಬೈಟ್ ಸಾಗಿಸುತ್ತಿತ್ತು. ಫೈಲುಗಳನ್ನು ಬರೆದು ಅಳಿಸಿ ಕೆಲವೇ ವಾರ ಬಳಸುವಷ್ಟರಲ್ಲಿ ಖಾಲಿ ಬ್ಲಾಕ್‌ಗಳು ಕಲಸಿಹೋಗಿ ಅದು 30ಕ್ಕೆ ಇಳಿಯಿತು! ಅವರು ರೂಪಿಸಿದ ಹೊಸ ವ್ಯವಸ್ಥೆ ಒಂದು ಫೈಲಿನ ತುಣುಕುಗಳನ್ನು ಹತ್ತಿರ ಹತ್ತಿರವೇ ಇಡಲು ಯತ್ನಿಸುತ್ತಿತ್ತು. ಅದಕ್ಕೆ ಆಯ್ಕೆ ಬೇಕು, ಆಯ್ಕೆಗೆ ಖಾಲಿ ಜಾಗ ಬೇಕು. ಆದ್ದರಿಂದ ಅವರು ನೂರಕ್ಕೆ ಹತ್ತರಷ್ಟು ಜಾಗವನ್ನು ಮುಟ್ಟದಂತೆ ಕಾದಿರಿಸಿದರು. ಜಾಗ ಪೂರ್ತಿ ಮುಗಿದರೆ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆಂದೂ ಬರೆದರು. ಶೇ. 90 ಬಳಸಿದಾಗಲೇ ಸಾಮಾನ್ಯ ಬಳಕೆದಾರನಿಗೆ ‘ತುಂಬಿದೆ’ ಎಂಬ ಉತ್ತರ! ಜಿಪುಣತನವಲ್ಲ, ಜಾಣತನ.

‘ಮೊಬೈಲಿನಲ್ಲಿ ತಿರುಗುವ ತಟ್ಟೆಯೇ ಇಲ್ಲವಲ್ಲ?’ ಎಂದು ಚುರುಕು ಹುಡುಗನೊಬ್ಬ ಕೇಳಿಯಾನು. ನಿಜ, ಅದರಲ್ಲಿರುವುದು ಫ್ಲ್ಯಾಶ್ ಮೆಮೊರಿ. ಅದರ ತೊಡಕೇ ಬೇರೆ. ನಮ್ಮ ಕರಿಹಲಗೆಗೆ ಒಂದು ವಿಚಿತ್ರ ನಿಯಮ ಇದೆಯೆಂದು ಊಹಿಸಿ: ಖಾಲಿ ಸಾಲಿನಲ್ಲಿ ಬರೆಯಬಹುದು, ಆದರೆ ಒರೆಸುವುದಾದರೆ ಇಡೀ ಹಲಗೆಯನ್ನೇ ಒರೆಸಬೇಕು. ಫ್ಲ್ಯಾಶ್‌ನಲ್ಲಿ ಬರೆಯುವುದು ಪುಟ ಪುಟವಾಗಿ, ಅಳಿಸುವುದು ನೂರಾರು ಪುಟಗಳ ಬ್ಲಾಕ್ ಬ್ಲಾಕಾಗಿ. ಉಳಿಯಬೇಕಾದ ಪುಟಗಳನ್ನು ಮೊದಲು ಬೇರೆಡೆ ನಕಲು ಮಾಡಿ, ಆಮೇಲೆ ಬ್ಲಾಕನ್ನು ಅಳಿಸಬೇಕು.

ನೂರು ಪುಟಗಳ ಬ್ಲಾಕಿನಲ್ಲಿ 50 ಮಾತ್ರ ಬೇಕಾದವು ಎನ್ನೋಣ. 50 ನಕಲು ಮಾಡಿದರೆ 50 ಹೊಸ ಪುಟಗಳಿಗೆ ಸ್ಥಳ ಸಿಕ್ಕಿತು. ಒಟ್ಟು 100 ಬರವಣಿಗೆ, ಅಂದರೆ ಎರಡು ಪಟ್ಟು. ಮೆಮೊರಿ ತುಂಬುತ್ತಾ ಬಂದು ಬೇಕಾದವು 90 ಆದರೆ? ಬರೀ 10 ಪುಟ ಬರೆಯಲು 90 ನಕಲು. ಶ್ರಮ ಹತ್ತು ಪಟ್ಟು! ಫ್ಲ್ಯಾಶ್ ಬ್ಲಾಕನ್ನು ಇಂತಿಷ್ಟೇ ಸಲ ಅಳಿಸಲು ಸಾಧ್ಯ. ಹೀಗಾಗಿ ವೇಗದ ಜೊತೆಗೆ ಆಯುಸ್ಸೂ ಸವೆಯುತ್ತದೆ. ತಯಾರಕರು ನಮಗೆ ಕಾಣದಂತೆ ಸ್ವಲ್ಪ ಜಾಗ ಮೀಸಲಿಟ್ಟಿರುವುದು ಇದಕ್ಕಾಗಿಯೇ. ಅದರ ಮೇಲೆ ನಾವೂ ಒಂದಿಷ್ಟು ಖಾಲಿ ಬಿಟ್ಟರೆ ಒಳಗಿನ ಕೆಲಸ ಸಲೀಸು.

ಮೊಬೈಲ್ ನಿಧಾನವಾಗಲು ಇದೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಬ್ಯಾಟರಿ ಸೋತಿರಬಹುದು, ಹೊಸ ಆ್ಯಪ್‌ಗಳ ಭಾರಕ್ಕೆ ಪ್ರೊಸೆಸರ್ ತಿಣುಕುತ್ತಿರಬಹುದು. ಆದರೆ ಖರ್ಚಿಲ್ಲದೆ ಪರೀಕ್ಷಿಸಿ ನೋಡಬಹುದಾದ್ದು ಇದು. ಶೇ. 10ರಿಂದ 15ರಷ್ಟು ಜಾಗ ತೆರವು ಮಾಡಿ, ಒಂದೆರಡು ದಿನ ಬಳಸಿ ನೋಡಿ. ಶುಭೋದಯದ ಚಿತ್ರಗಳನ್ನು ಅಳಿಸಿದರೆ ಯಾರಿಗೂ ನಷ್ಟವಿಲ್ಲ!

ಅಳಿಸುವ ಮೊದಲು ಮಕ್ಕಳ ಪ್ರಾಜೆಕ್ಟ್, ನೋಟ್ಸ್‌ಗಳ ಪ್ರತಿಯನ್ನು ಪೆನ್‌ಡ್ರೈವಿಗೋ ಮನೆಯ ಕಂಪ್ಯೂಟರಿಗೋ ಹಾಕಿ, ತೆರೆದು ನೋಡಿ ಖಚಿತಪಡಿಸಿಕೊಳ್ಳಿ. ಜಾಗ ಸಾಲದೆ ಅರ್ಧಕ್ಕೆ ನಿಂತ ಫೈಲ್ ಮತ್ತೆ ತೆರೆದುಕೊಳ್ಳದೇ ಹೋಗಬಹುದು. ಅಳಿಸಿದ ಫೋಟೋಗಳು ಅನೇಕ ಮೊಬೈಲುಗಳಲ್ಲಿ ಕೆಲವು ದಿನ ‘ಟ್ರ್ಯಾಶ್’ನಲ್ಲೇ ಕುಳಿತಿರುತ್ತವೆ. ಅದನ್ನೂ ಖಾಲಿ ಮಾಡುವವರೆಗೆ ಜಾಗ ತೆರವಾಗುವುದಿಲ್ಲ.