ಅರ್ಜುನನ ಹಕ್ಕಿ ಮತ್ತು ಪಿಸ್ತೂಲು

ಅರ್ಜುನನಿಗೆ ಹಕ್ಕಿಯ ಕಣ್ಣಲ್ಲದೆ ಬೇರೇನೂ ಕಾಣಲಿಲ್ಲವೆಂಬ ಕಥೆಯನ್ನು ನಮ್ಮ ಉಪಾಧ್ಯಾಯರು ಏಕಾಗ್ರತೆಗೆ ನಿದರ್ಶನವಾಗಿ ಹೇಳುತ್ತಲೇ ಬಂದಿದ್ದಾರೆ. ಪಿಸ್ತೂಲು ಸ್ಪರ್ಧೆಗೆ ಇಳಿಯುವ ವಿದ್ಯಾರ್ಥಿಗೆ ಮಾತ್ರ ಇದನ್ನು ಹೇಳಕೂಡದೆಂಬುದು ನನ್ನ ಮತ. ಅಲ್ಲಿ ಗುರಿಯನ್ನೇ ದಿಟ್ಟಿಸಿದವನು ಕೆಟ್ಟ. ಮೊದಲ ವರ್ಷವೆಲ್ಲ ನಾನು ಹಾಗೆಯೇ ಕೆಟ್ಟವನು.

ನಳಿಗೆಯ ತುದಿಯ ಮೊನೆ, ಹಿಂಬದಿಯ ಕಚ್ಚು, ದೂರದ ಗುರಿ, ಈ ಮೂರನ್ನೂ ಕಣ್ಣು ಏಕಕಾಲಕ್ಕೆ ಸ್ಪಷ್ಟವಾಗಿ ಕಾಣಲಾರದು. ಒಂದನ್ನು ಆರಿಸಲೇಬೇಕು. 10 ಮೀಟರಿನ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ ಕೇವಲ 11.5 ಮಿಲಿಮೀಟರು. ಪಿಸ್ತೂಲು ಓರೆಯಾಗದೆ ಇಡಿಯಾಗಿ ಒಂದು ಮಿಲಿಮೀಟರು ಪಕ್ಕಕ್ಕೆ ಸರಿದರೆ ಗುಂಡೂ ಅಷ್ಟೇ ಸರಿಯುತ್ತದೆ, ಚಿಂತೆಯಿಲ್ಲ. ಆದರೆ ಕಚ್ಚಿಗೂ ಮೊನೆಗೂ 30 ಸೆಂಟಿಮೀಟರು ಅಂತರವಿದ್ದು ಮೊನೆಯೊಂದೇ ಅಷ್ಟು ಸರಿದರೆ ಗುಂಡು ಸುಮಾರು 33 ಮಿಲಿಮೀಟರು ತಪ್ಪುತ್ತದೆ. ಆದುದರಿಂದ ಮೊನೆ ಸ್ಪಷ್ಟವಾಗಿರಲಿ, ಗುರಿ ಮಸುಕಾಗಿಯೇ ಇರಲಿ. (ಬಿಲ್ಲಿಗೆ ಇಂಥ ಕಚ್ಚಿರಲಿಲ್ಲ, ಪಾರ್ಥನನ್ನು ನಾನು ದೂರುತ್ತಿಲ್ಲ.)

ಗುಂಡಿಲ್ಲವೆಂದು ಎರಡು ಬಾರಿ ಪರೀಕ್ಷಿಸಿದ ಪಿಸ್ತೂಲನ್ನು ಬರಿಯ ಗೋಡೆಯತ್ತ ಹಿಡಿದು, ಟ್ರಿಗರು ಮೆಲ್ಲನೆ ಒತ್ತುವಾಗ ಮೊನೆ ಕದಲಿತೇ ಎಂದು ನೋಡುವುದೇ ಇದಕ್ಕೆ ಅಭ್ಯಾಸ. ಬೇಸರದ ಕೆಲಸ, ಖರ್ಚಿಲ್ಲದ್ದು. ಹುಡುಗರು ದುಬಾರಿ ಗುಂಡುಗಳಿಗಾಗಿ ತಂದೆಯನ್ನು ಪೀಡಿಸುವ ಮುನ್ನ ಕೆಲವು ತಿಂಗಳಾದರೂ ಈ ಗೋಡೆಯೆದುರು ನಿಲ್ಲಲಿ.