ಅಟ್ಟದ ಮೇಲಿನ ಕಾಯಿ



ನಮ್ಮ ಬಿಳಿಗೆರೆ ಕಡೆ ಉಂಡೆಕೊಬ್ಬರಿ ಆಗುವ ಬಗೆ ನಿಮಗೆ ಗೊತ್ತು. ಬಲಿತ ಕಾಯಿಗಳನ್ನು ಮಟ್ಟೆಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಅಲ್ಲಾಡುವವರೆಗೆ ಕಾಯಬೇಕು. ಅವಸರಪಟ್ಟು ಒಡೆದರೆ ಕೈಗೆ ಬರುವುದು ಹಸಿಕಾಯಿ.

ಕೊಬ್ಬರಿ ಆದಮೇಲೂ ಕಾಯುವುದು ಮುಗಿಯುವುದಿಲ್ಲ. 2023ರಲ್ಲಿ ಉಂಡೆಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಅಷ್ಟು ಸಿಗಲಿಲ್ಲ. 2025ರಲ್ಲಿ ಅದೇ ಮಾರುಕಟ್ಟೆಯಲ್ಲಿ ಬೆಲೆ 20,000 ದಾಟಿತು. ಆಗ ಒಬ್ಬರು ನನಗೆ, "ನೋಡಿ ಸಾರ್, ತಾಳ್ಮೆಯಿಂದ ಇದ್ದವರಿಗೆ ದೇವರು ಕೊಟ್ಟ" ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಮಗಳ ಮದುವೆಗೋ ಸಾಲದ ಕಂತಿಗೋ ಇಳಿದ ಬೆಲೆಗೇ ಮಾರಿದವರ ಭಕ್ತಿ ಏನು ಕಡಿಮೆಯಿತ್ತೇ? ನಾನು ಕಾಯ್ದದ್ದು ನಿಷ್ಠೆಯಿಂದಲ್ಲ. ತಿಂಗಳು ತಿಂಗಳು ಪಿಂಚಣಿ ಬರುತ್ತಿತ್ತು, ಅದಕ್ಕೆ.

ಹಾಗಾದರೆ ದೇವರನ್ನು ನಂಬಿ ಕಾಯುವುದೆಂದರೆ ಏನು? ಕಷ್ಟ ಉದ್ದವಾದಾಗ ನಮ್ಮವರೇ ಅಂಗೈಯ ಇಷ್ಟಲಿಂಗವನ್ನು ಮರೆತು ಜ್ಯೋತಿಷಿಯ ಮನೆ ಹುಡುಕುತ್ತಾರೆ. ಗ್ರಹಶಾಂತಿ, ಹೋಮ, ಮುಹೂರ್ತ ಎಂದು ಸಾಲದ ಮೇಲೆ ಸಾಲ ಮಾಡುತ್ತಾರೆ. ಬಸವಾದಿ ಶರಣರು ಇವನ್ನೆಲ್ಲ 12ನೇ ಶತಮಾನದಲ್ಲೇ ಬೇಡವೆಂದರು. ಷಟ್‌ಸ್ಥಲದಲ್ಲಿ ಭಕ್ತನ ಶ್ರದ್ಧೆಯ ನಂತರ ಬರುವುದು ಮಹೇಶ್ವರನ ನಿಷ್ಠೆ. ಆ ನಿಷ್ಠೆ ಗಟ್ಟಿಯೋ ಪೊಳ್ಳೋ ಎಂದು ತಿಳಿಯುವುದು ಇಂಥ ದಿನಗಳಲ್ಲೇ.

ಕಾಯುವುದೆಂದರೆ ಕೈಕಟ್ಟಿ ಕೂರುವುದೂ ಅಲ್ಲ. ನಾನು ಇಂಜಿನಿಯರಾಗಿ ದುಡಿದವನು. ಕಾಂಕ್ರೀಟು ಹಾಕಿದ ಮೇಲೆ ಅದರ ಬಲವನ್ನು 28ನೇ ದಿನಕ್ಕೆ ಪರೀಕ್ಷಿಸುತ್ತೇವೆ. ಬಲ ಬರುವುದು ನಮ್ಮ ಕೈಯಲ್ಲಿಲ್ಲ, ಆದರೆ ಆ ದಿನಗಳಲ್ಲಿ ನೀರುಣಿಸುವುದು ನಮ್ಮ ಕೈಯಲ್ಲಿದೆ. ನೀರು ತಪ್ಪಿಸಿದರೆ ಬಿರುಕು ಬಿಡುತ್ತದೆ. ಕಾಯಕವೂ ನಿತ್ಯದ ಲಿಂಗಪೂಜೆಯೂ ಹಾಗೆಯೇ.

ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರನ್ನು ನೆನೆಯಿರಿ. ಶತಮಾನಗಳ ಕಾಲ ತಾಡೋಲೆಗಳಲ್ಲಿ ಉಳಿದಿದ್ದ ವಚನಗಳನ್ನು ಮನೆ ಮನೆ ಅಲೆದು ಕೂಡಿಸಿದರು. 1923ರಲ್ಲಿ ವಚನಶಾಸ್ತ್ರಸಾರ ಹೊರಬಂತು. ಅಚ್ಚಿನ ಕೆಲಸ ನಡೆಯಲೆಂದು ಇದ್ದ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯ ತೆರೆದರು. ಫಲ ಯಾವಾಗ ಬರುತ್ತದೆಂದು ಅವರು ಯಾರನ್ನೂ ಕೇಳಲಿಲ್ಲ.

ಇನ್ನೊಂದು ಮಾತು. ಕಾಯುವ ಶಕ್ತಿ ಇದ್ದವರು ಕಾಯಲಾರದವರಿಗೆ ತಾಳ್ಮೆಯ ಉಪದೇಶ ಮಾಡುವುದು ಸುಲಭ. ದಾಸೋಹವೆಂದರೆ ಅವರ ಕಾಯುವಿಕೆಯ ಭಾರವನ್ನು ಹೊರುವುದು. ಇಳಿದ ಬೆಲೆಗೆ ಕಾಯಿ ಇಳಿಸಲು ಹೊರಟ ನೆರೆಯವನಿಗೆ ಬಡ್ಡಿಯಿಲ್ಲದೆ ಒಂದಿಷ್ಟು ಹಣ ಕೊಟ್ಟರೆ, ಮಗಳ ಮದುವೆಯನ್ನು ಮಠದಲ್ಲಿ ವಚನ ಹೇಳಿಸಿ ಸರಳವಾಗಿ ಮಾಡಲು ಜೊತೆಗೆ ನಿಂತರೆ, ಅವನ ಅಟ್ಟದಲ್ಲೂ ಕಾಯಿ ಪೂರ್ತಿ ಒಣಗೀತು. 2023ರಲ್ಲಿ ನಾನು ಹಾಗೆ ಮಾಡಲಿಲ್ಲ. ಬೆಲೆ ಮತ್ತೆ ಇಳಿಯುವ ಕಾಲ ಬಂದೇ ಬರುತ್ತದೆ, ಆಗ ಮಾಡಬೇಕೆಂದಿದ್ದೇನೆ. ನೀವೂ ಜೊತೆಗಿರಿ.