ಟ್ಯಾಂಕಿನ ಹೊಳಪಿಗೆ ದುಡ್ಡು ಕೊಡ್ತೀರಿ, ಸೊಟ್ಟ ಚಾಸಿ ಮನೆಗೆ ತರ್ತೀರಿ

ಸೆಕೆಂಡ್ ಹ್ಯಾಂಡ್ ಬೈಕ್ ಮಾರುವವರ ಬಾಯಲ್ಲಿ ಮೂರು ಮಾತು ಕಾಯಂ. ಸಿಂಗಲ್ ಓನರ್. ಡಾಕ್ಟರ್ ಓಡಿಸಿದ ಗಾಡಿ. ಒಂದು ಸಲವೂ ಬಿದ್ದಿಲ್ಲ. ಮೊದಲನೆಯದನ್ನು ಆರ್‌ಸಿಯಲ್ಲಿ ನೋಡಿಕೊಳ್ಳಬಹುದು. ಎರಡನೆಯದು ಸುಳ್ಳಾದರೂ ನಿಮಗೇನೂ ನಷ್ಟವಿಲ್ಲ. ಮೂರನೆಯದು ಸುಳ್ಳಾದರೆ ಪ್ರಾಣಕ್ಕೆ ಬರುತ್ತದೆ, ಆದರೆ ಅದನ್ನು ತಾಳೆ ನೋಡಲು ಸರ್ಕಾರ ನಿಮ್ಮ ಕೈಗೆ ಒಂದು ಕಾಗದವನ್ನೂ ಕೊಟ್ಟಿಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಮಾಗಡಿ, ಕುಣಿಗಲ್, ರಾಮನಗರ ಕಡೆಯಿಂದ ಹಳೇ ಬೈಕ್ ಹುಡುಕಿಕೊಂಡು ಬೆಂಗಳೂರಿಗೆ ಬರುವವರಿಗೆ ಮೊದಲು ಸಿಗುವುದು ಪಶ್ಚಿಮದ ಬಡಾವಣೆಗಳೇ. ಕೆಂಗೇರಿ, ವಿಜಯನಗರ, ಮಾರೇನಹಳ್ಳಿ. (ಜೆ.ಪಿ. ನಗರದ ಕಡೆಯ ಮಾರೇನಹಳ್ಳಿ ಅಲ್ಲ, ವಿಜಯನಗರದ ಪಕ್ಕದ್ದು.) ನಮ್ಮ ಚಿಕ್ಕಪ್ಪನ ಮಗ ಅಲ್ಲೇ ಒಬ್ಬ ಬ್ರೋಕರ್ ಹತ್ತಿರ ಮೂರು ವರ್ಷ ಹಳೆಯ 125 ಸಿಸಿ ಗಾಡಿ ತಂದ. ಬಣ್ಣ ಕನ್ನಡಿ ಹಾಗಿತ್ತು. ಡೈರಿಗೆ ಹಾಲಿನ ಕ್ಯಾನು ಹೇರಿಕೊಂಡು ಹೋದರೆ ಎಡಕ್ಕೆ ಎಳೆಯುತ್ತಿತ್ತು. ಊರಿನ ಮೆಕ್ಯಾನಿಕ್ ಮೊದಲು ಟೈರ್ ಬದಲಿಸಿದ, ಆಮೇಲೆ ವೀಲ್ ಬೇರಿಂಗ್, ಆಮೇಲೆ ಹ್ಯಾಂಡಲ್ಲಿನ ಕೋನ್ ಸೆಟ್. ದುಡ್ಡು ಹೋಯಿತೇ ಹೊರತು ಗಾಡಿ ಸರಿಹೋಗಲಿಲ್ಲ. ಕೊನೆಗೆ ಮಾರೇನಹಳ್ಳಿಯಲ್ಲೇ ಗ್ಯಾರೇಜ್ ಇಟ್ಟ ಹಿರಿಯರೊಬ್ಬರು ಟ್ಯಾಂಕ್ ಎತ್ತಿ ಒಳಗೆ ತೋರಿಸಿದರು. "ತಮ್ಮಾ, ಇದು ಎಡಕ್ಕೆ ಎಳೀತಾ ಇಲ್ಲ. ಇದರ ಮೂತೀನೇ ಎಡಕ್ಕಿದೆ" ಅಂದರು.

ಮೂತಿ ಅಂದರೆ ಹೆಡ್ ಪೈಪ್. ಹ್ಯಾಂಡಲ್ ಕೆಳಗೆ, ಮುಂದಿನ ಫೋರ್ಕ್ ತಿರುಗುವ ದಪ್ಪ ಕೊಳವೆ. ಬೈಕು ಎದುರಿನಿಂದ ಗುದ್ದಿದಾಗ ಪೆಟ್ಟು ಚಕ್ರಕ್ಕೆ ಬಿದ್ದು, ಫೋರ್ಕಿನಲ್ಲಿ ಹತ್ತಿ, ಇಲ್ಲಿಗೆ ಬರುತ್ತದೆ. ಸಣ್ಣ ಪೆಟ್ಟಾದರೆ ಫೋರ್ಕ್ ಬಾಗಿ ಅಲ್ಲಿಗೇ ಮುಗಿಯುತ್ತದೆ. ದೊಡ್ಡದಾದರೆ ಹೆಡ್ ಪೈಪ್ ಹಿಂದಕ್ಕೆ ತಳ್ಳಿಕೊಂಡು, ಅದರ ಹಿಂದಿನ ಪೈಪುಗಳು ಮಡಿಕೆ ಬೀಳುತ್ತವೆ. ಮಾರುವವನು ಟ್ಯಾಂಕ್ ಕೂರಿಸಿಬಿಟ್ಟರೆ ಆ ಮಡಿಕೆ ನಿಮಗೆ ಕಾಣುವುದೇ ಇಲ್ಲ.

ಆದ್ದರಿಂದ ಟ್ಯಾಂಕ್ ಬಿಚ್ಚಿಸಿ. ಒಂದೆರಡು ಬೋಲ್ಟಿನ ಕೆಲಸ. ಬಿಚ್ಚಲ್ಲ ಅಂದವನ ಹತ್ತಿರ ಗಾಡಿ ಕೊಳ್ಳಬೇಡಿ, ಅಷ್ಟೇ. ಟಾರ್ಚ್ ಹಾಕಿ ಹೆಡ್ ಪೈಪಿನ ಹಿಂಬದಿ ನೋಡಿ. ಬಣ್ಣ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆಯಾ, ಸುಕ್ಕಾಗಿದೆಯಾ? ಬೆರಳಾಡಿಸಿದರೆ ಉಬ್ಬು ಸಿಗುತ್ತದಾ? ಕಂಪನಿಯ ವೆಲ್ಡಿಂಗ್ ಎರಡೂ ಕಡೆ ಒಂದೇ ಥರ ಇರುತ್ತದೆ, ಒಂದು ಕಡೆ ಮಾತ್ರ ಗಂಟುಗಂಟಾಗಿದ್ದರೆ ಆಮೇಲೆ ಯಾರೋ ಕೈ ಹಾಕಿದ್ದಾರೆ ಎಂದರ್ಥ. ಹಳೇ ಬೈಕಿನ ಚಾಸಿ ಮಾತ್ರ ಹೊಸ ಪೌಡರ್ ಕೋಟಿಂಗಿನಲ್ಲಿ ಮಿಂಚುತ್ತಿದ್ದರೆ ನನಗಂತೂ ಅನುಮಾನವೇ. ಪುಟ್ಟಿ ಮೆತ್ತಿದ್ದಾರೆ ಅನಿಸಿದರೆ ಸಣ್ಣ ಅಯಸ್ಕಾಂತ ಹಿಡಿದು ನೋಡಿ, ಪುಟ್ಟಿ ಇದ್ದ ಕಡೆ ಹಿಡಿತ ಸಡಿಲ. ಹ್ಯಾಂಡಲ್ ಪೂರ್ತಿ ಎಡಕ್ಕೆ, ಬಲಕ್ಕೆ ತಿರುಗಿಸಿ, ಅದನ್ನು ತಡೆಯುವ ಸ್ಟಾಪರ್ ನಜ್ಜಾಗಿದೆಯಾ ನೋಡಿ. ಹ್ಯಾಂಡಲ್ ಲಾಕ್ ಬೀಳದಿದ್ದರೂ ಕಾರಣ ಕೇಳಿ. ಬಹಳಷ್ಟು ಬೈಕುಗಳಲ್ಲಿ ಚಾಸಿ ನಂಬರ್ ಕೊರೆದಿರುವುದೂ ಈ ಹೆಡ್ ಪೈಪಿನ ಮೇಲೇ. ಅಲ್ಲಿ ಉಜ್ಜಿದ ಗುರುತಿದ್ದರೆ, ಆರ್‌ಸಿ ಜೊತೆ ಒಂದಕ್ಷರ ತಾಳೆಯಾಗದಿದ್ದರೆ, ವಾಪಸ್ ಬಸ್ ಹತ್ತಿ.

ಇನ್ನೊಂದು ಪರೀಕ್ಷೆಗೆ ಬೇಕಾಗಿರುವುದು ಟ್ವೈನ್ ದಾರ. ಮೊದಲು ಚೈನ್ ಅಡ್ಜಸ್ಟರಿನ ಗೆರೆಗಳು ಎರಡೂ ಬದಿ ಒಂದೇ ಕಡೆ ಇವೆಯಾ ನೋಡಿ, ಇಲ್ಲದಿದ್ದರೆ ದಾರವೇ ಸುಳ್ಳು ಹೇಳುತ್ತದೆ. ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನ ಟೈರಿಗೆ ಹಿಂದಿನಿಂದ ದಾರ ಸುತ್ತಿ, ಎರಡು ತುದಿಯನ್ನೂ ಎರಡು ಬದಿಯಿಂದ ಮುಂದಿನ ಚಕ್ರದಾಚೆಗೆ ತನ್ನಿ. ಸ್ಟ್ಯಾಂಡಿಗೆ ತಾಗದ ಎತ್ತರದಲ್ಲಿ, ಹಿಂದಿನ ಟೈರಿನ ಮುಂಬದಿ ಅಂಚಿಗೆ ಸವರುವಂತೆ ಎಳೆದು ಹಿಡಿಯಿರಿ. ಮುಂದಿನ ಟೈರ್ ಸಾಮಾನ್ಯವಾಗಿ ತೆಳ್ಳಗಿರುವುದರಿಂದ ಎರಡೂ ಕಡೆ ಸಂದು ಉಳಿಯುತ್ತದೆ. ಆ ಸಂದು ಸಮ ಇರಬೇಕು. ಆಮೇಲೆ ಹತ್ತು ಹೆಜ್ಜೆ ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತು ನೋಡಿ, ಒಂದು ಚಕ್ರ ನೆಟ್ಟಗೆ ನಿಂತು ಇನ್ನೊಂದು ವಾಲಿದ್ದರೆ ಎಲ್ಲೋ ತಿರುಚಿಕೊಂಡಿದೆ. ಹೀಗೆ ಕಂಡಿದ್ದೆಲ್ಲ ಚಾಸಿಯದೇ ತಪ್ಪಲ್ಲ, ಅದನ್ನೂ ಹೇಳಬೇಕು. ನಿಂತಲ್ಲೇ ಬಿದ್ದ ಗಾಡಿಯಲ್ಲಿ ಫೋರ್ಕ್ ಬರೀ ಕ್ಲ್ಯಾಂಪಿನೊಳಗೆ ತಿರುಗಿರಬಹುದು. ಬೋಲ್ಟ್ ಸಡಿಲಿಸಿ ಸರಿ ಮಾಡಿದರೆ ಮುಗಿಯಿತು. ಕೈ ಬಿಟ್ಟು ಓಡಿಸಿ ಪರೀಕ್ಷೆ ಮಾಡುವ ಶೂರತನ ಮಾತ್ರ ಬೇಡ.

ರಿಪೇರಿ ವಿಷಯಕ್ಕೆ ಬಂದರೆ, ನಮ್ಮ ಊರುಗಳಲ್ಲಿ ಎಲ್ಲದಕ್ಕೂ ಒಂದೇ ಔಷಧಿ: ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸು, ಬಗ್ಗಿಸು, ಬಣ್ಣ ಹೊಡಿ. ಹಾಗೆ ಕಾಯಿಸಿದ ಪೈಪು ನೆಟ್ಟಗಾಗುತ್ತದೆ, ಆದರೆ ಮೊದಲಿನ ಗಟ್ಟಿತನ ಹೋಗಿರುತ್ತದೆ. ಮುಂದಿನ ಗುಂಡಿಗೆ ಬಗ್ಗುವುದು ಅಲ್ಲೇ. ಹೆಡ್ ಪೈಪ್ ಅಥವಾ ಹಿಂದಿನ ಸ್ವಿಂಗ್ ಆರ್ಮ್ ಕೂರುವ ಜಾಗ ಸ್ವಲ್ಪ ಸರಿದಿದ್ದರೆ, ಚಾಸಿಯನ್ನು ಜಿಗ್ ಮೇಲೆ ಬಿಗಿದು, ಕಾಯಿಸದೆ, ಹೈಡ್ರಾಲಿಕ್ ಜಾಕಿನಿಂದ ಅಳತೆ ಹಿಡಿದು ಎಳೆಯಬೇಕು. ಮಡಿಕೆ ಬಿದ್ದಿದ್ದರೆ ಅದೂ ಬೇಡ, ಚಾಸಿಯನ್ನೇ ಬದಲಿಸಬೇಕು. ಆಗ ನಂಬರ್ ಬದಲಾಗುತ್ತದೆ, ಆರ್‌ಟಿಒ ಅನುಮತಿ ಪಡೆದು ಆರ್‌ಸಿ ತಿದ್ದಿಸಬೇಕು. ಮಡಿಕೆ ಬಿದ್ದ ಫೋರ್ಕ್ ಪೈಪ್ ಗುಜರಿಗೆ.

ಊರಲ್ಲೇ ಆಗುವ ವೆಲ್ಡಿಂಗೂ ಇದೆ. ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೇರುವವರ ಗಾಡಿಯಲ್ಲಿ ಸೀಟಿನ ಕೆಳಗೆ, ಕ್ಯಾರಿಯರ್ ಕೂರುವ ಕಡೆ, ಸೈಡ್ ಸ್ಟ್ಯಾಂಡಿನ ಬುಡದಲ್ಲಿ ಬಿರುಕು ಬರುತ್ತದೆ. ಬಣ್ಣ ಕೆರೆದು, ಬಿರುಕಿನ ತುದಿ ಹುಡುಕಿ, ಅಲ್ಲಿ ಸಣ್ಣ ತೂತು ಕೊರೆದರೆ ಅದು ಮುಂದಕ್ಕೆ ಓಡುವುದಿಲ್ಲ. ಆಮೇಲೆ ಬೆಸೆದು ಪಟ್ಟಿ ಕೊಡಿಸಿ. ಬೆಸೆಯುವ ಮುಂಚೆ ಪೆಟ್ರೋಲ್ ಟ್ಯಾಂಕ್ ದೂರ ಇಡಿ, ಬ್ಯಾಟರಿ ಕಳಚಿ. 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳಲ್ಲಿ ಇಸಿಯು ಕನೆಕ್ಟರನ್ನೂ ಕಳಚಿಸಿ, ಇಲ್ಲದಿದ್ದರೆ ಬಿರುಕಿಗಿಂತ ದೊಡ್ಡ ಖರ್ಚು ಬೀಳಬಹುದು.

"ಕಂಪನಿ ಚಾಸಿ ಹಾಕಿಸಿದರೆ ಹಳೇ ಬೈಕಿನ ಬೆಲೆಯೇ ಆಗುತ್ತೆ ಸಾರ್, ಬಡವರು ಎಲ್ಲಿಗೆ ಹೋಗ್ಬೇಕು?" ಇದು ಬ್ರೋಕರುಗಳ ಮಾತು. ಪೂರ್ತಿ ಸುಳ್ಳಲ್ಲ. ಆದರೆ ಬಡವನ ಮೇಲೆ ಅಷ್ಟು ಕರುಣೆ ಇದ್ದರೆ, ಗುದ್ದಿದ ಗಾಡಿಯನ್ನು ಗುದ್ದಿದ ಗಾಡಿ ಅಂತ ಹೇಳಿ, ಆ ಬೆಲೆಗೆ ಕೊಡಬೇಕು. ಮುಚ್ಚಿಟ್ಟು ಪೂರ್ತಿ ಬೆಲೆ ಎಣಿಸಿಕೊಳ್ಳುವುದು ಕರುಣೆಯಲ್ಲ.

ಅವರಿಗೆ ಮುಚ್ಚಿಡಲು ದಾರಿ ಮಾಡಿಕೊಟ್ಟಿರುವುದು ನಮ್ಮ ವ್ಯವಸ್ಥೆ. ರಿಪೇರಿ ಖರ್ಚು ವಿಮೆಯಲ್ಲಿ ನಮೂದಾದ ಬೆಲೆಯ ಶೇ. 75 ದಾಟಿದರೆ ವಿಮಾ ಕಂಪನಿ ಗಾಡಿಯನ್ನು 'ಟೋಟಲ್ ಲಾಸ್' ಎನ್ನುತ್ತದೆ. 40,000 ರೂಪಾಯಿಯ ಬೈಕಿಗೆ 30,000 ದಾಟಿದರೆ ಸಾಕು. ಅವಶೇಷ ಮಾರಾಟವಾಗುತ್ತದೆ. ಕೊಂಡವನು ರಿಪೇರಿ ಮಾಡಿ ರಸ್ತೆಗೆ ಬಿಟ್ಟರೆ, ಆರ್‌ಸಿಯಲ್ಲಿ ಅದಕ್ಕೊಂದು ಅಂಕಣವೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಶಾಶ್ವತವಾಗಿ ಬಳಕೆಗೆ ಬಾರದ ಗಾಡಿಯ ವಿಷಯವನ್ನು 14 ದಿನದೊಳಗೆ ಅಥವಾ ಆದಷ್ಟು ಬೇಗ ತಿಳಿಸಬೇಕು. ಸರಿ, ಬಗ್ಗಿಸಿ ಓಡಿಸಬಹುದಾದ ಗಾಡಿ 'ಬಳಕೆಗೆ ಬಾರದ್ದು' ಹೇಗಾಗುತ್ತದೆ? ನುಣುಚಿಕೊಳ್ಳುವುದು ಅಲ್ಲಿಯೇ. ಸೈಲೆನ್ಸರ್ ಬದಲಿಸಿದ ಹುಡುಗನನ್ನು ಸಿಗ್ನಲ್ಲಿನಲ್ಲಿ ಹಿಡಿದು ದಂಡ ಹಾಕುತ್ತಾರೆ, ಸೊಟ್ಟ ಚಾಸಿಯ ಗಾಡಿ ಅದೇ ಸಿಗ್ನಲ್ ದಾಟಿ ಹೋಗುತ್ತದೆ.

ಬ್ರಿಟನ್ನಿನಲ್ಲಿ 2017ರ ಅಕ್ಟೋಬರಿನಿಂದ ಇಂಥ ಗಾಡಿಗಳಿಗೆ ಗುರುತು ಬೇರೆ ಬೇರೆ. ಚೌಕಟ್ಟಿಗೇ ಪೆಟ್ಟಾಗಿದ್ದರೆ 'ಎಸ್', ಆಗಿರದಿದ್ದರೆ 'ಎನ್'. ರಿಪೇರಿ ಮಾಡಬೇಡಿ ಅಂತ ಅಲ್ಲಿ ಹೇಳುವುದಿಲ್ಲ, ಗೊತ್ತಿದ್ದು ಕೊಳ್ಳಿ ಅನ್ನುತ್ತಾರೆ. ಆ ಒಂದಕ್ಷರವನ್ನು ನಮ್ಮ ಆರ್‌ಸಿಯಲ್ಲಿ, ಪರಿವಾಹನ್ ವೆಬ್‌ಸೈಟಿನಲ್ಲಿ ಹಾಕಲು ಏನು ಕಷ್ಟ? ಟೋಟಲ್ ಲಾಸ್ ಹಣ ಕೊಡುವಾಗ ಕಂಪನಿಯ ಬಳಿ ಚಾಸಿ ನಂಬರ್ ಇರುತ್ತದೆ, ಸರ್ವೇಯರ್ ವರದಿ ಇರುತ್ತದೆ. ಇಲ್ಲದಿರುವುದು ಕೇಳುವವರು.

ಅಲ್ಲಿಯವರೆಗೆ ನಿಮ್ಮ ಕೈಲಿರುವುದು ಇಷ್ಟು. ಹಳೇ ಗಾಡಿ ಮಾರುವ ಡೀಲರುಗಳು ಆರ್‌ಟಿಒ ಅಧಿಕಾರಪತ್ರ ಪಡೆದಿರಬೇಕೆಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಇದೆ, ಆ ಪತ್ರ ತೋರಿಸು ಅನ್ನಿ. ದುಡ್ಡು ಕೊಡುವ ಮುಂಚೆ ಡೆಲಿವರಿ ಚೀಟಿಯಲ್ಲಿ 'ಚಾಸಿಗೆ ಪೆಟ್ಟಾಗಿಲ್ಲ, ವೆಲ್ಡಿಂಗ್ ಆಗಿಲ್ಲ' ಅಂತ ಬರೆಸಿ ಸಹಿ ಹಾಕಿಸಿ. ಟ್ಯಾಂಕ್ ಬಿಚ್ಚಿದಾಗ ಹೆಡ್ ಪೈಪಿನ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಮೋಸ ಕಂಡರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.